ಜಯಂತಿಗೆ ಜೀಪು, ನನಗೆ ಬುದ್ಧಿಮಾತು

ಅತ್ತೆ,

ನಿಮ್ಮ ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಕೂತವರೆಲ್ಲ ಒಂದೇ ಮಾತು ಹೇಳಿದರು. ‘ಸೊಸೆಯನ್ನು ಮಗಳ ಹಾಗೆ ಕಂಡ ಹೆಂಗಸು.’ ಬಡಿಸುವವರು ಹೇಳಿದರು, ಕೈ ತೊಳೆಯುವಲ್ಲಿ ನಿಂತವರು ಹೇಳಿದರು, ಉಪ್ಪುಂದದಿಂದ ಬಂದ ನಿಮ್ಮ ಅಕ್ಕ ನನ್ನನ್ನು ತಬ್ಬಿಕೊಂಡು ಕಿವಿಯಲ್ಲೇ ಹೇಳಿದರು. ನಾನು ಎಲೆಯ ಮುಂದೆ ಅನ್ನ ಕಲಸಿದ ಕೈಯನ್ನು ಹಾಗೇ ಇಟ್ಟುಕೊಂಡು ಕೇಳಿಸಿಕೊಂಡೆ. ಸತ್ತವರ ಮನೆಯಲ್ಲಿ ಎದುರು ಮಾತಾಡಬಾರದು ಅಂತ ನೀವೇ ಕಲಿಸಿದ್ದಲ್ಲವಾ? ಅವತ್ತು ಅದಕ್ಕೇ ಸುಮ್ಮನಿದ್ದೆ. ಆಮೇಲೂ ತುಂಬ ದಿನ ಸುಮ್ಮನಿದ್ದೆ. ಈಗ ಸಾಕು. ವಾರಪತ್ರಿಕೆಯ ಧಾರಾವಾಹಿಯನ್ನು ಜೋರಾಗಿ ಓದಿ ಅಡುಗೆಮನೆಯಲ್ಲಿದ್ದ ನನಗೂ ಕೇಳಿಸುತ್ತಿದ್ದವರು ನೀವು. ಇದನ್ನೂ ಓದಿ. ಬೇಕಾದರೆ ಜೋರಾಗಿಯೇ ಓದಿ, ಅಲ್ಲಿ ನಿಮ್ಮ ಪಕ್ಕ ಇರುವವರಿಗೂ ಕೇಳಲಿ.

ನಿಮ್ಮ ಮಗನ ಹೆಸರನ್ನು ಇದರಲ್ಲಿ ಬರೆಯುವುದಿಲ್ಲ. ಮದುವೆಯಾದ ಹೊಸತರಲ್ಲಿ ಗಂಡನ ಹೆಸರು ಹೇಳಲು ನಾಚಿಕೆಯಾಗುತ್ತಿತ್ತು, ಈಗ ಮೈ ಉರಿಯುತ್ತದೆ. ‘ಅವರು’ ಅಂತ ಬರೆಯಲು ಕೈ ಏಳುವುದಿಲ್ಲ. ‘ನಿಮ್ಮ ಮಗ’ ಅಂತಲೇ ಬರೆಯುತ್ತೇನೆ. ಕಡೆಯವರೆಗೂ ನಿಮ್ಮವನಾಗಿಯೇ ಇದ್ದನಲ್ಲ, ನನ್ನವನಾಗಿದ್ದು ಯಾವಾಗ?

ತೊಂಬತ್ತೆಂಟರಲ್ಲಿ ನಾನು ಮದುವೆಯಾಗಿ ಹೆಮ್ಮಾಡಿಯಿಂದ ತೆಕ್ಕಟ್ಟೆಗೆ ಬಂದಾಗ ಒಂದು ಬುಟ್ಟಿಯಲ್ಲಿ ನಮ್ಮ ಗದ್ದೆಯ ಸೇವಂತಿಗೆ ಸಸಿ ತಂದಿದ್ದೆ. ನೀವು ಬಾವಿಕಟ್ಟೆಯ ಹಿಂದೆ ಜಾಗ ಮಾಡಿ ನೆಟ್ಟಿರಿ. ಒಂದೂ ಹಿಡಿಯಲಿಲ್ಲ. ನಾನು ಅಳುಮೋರೆ ಮಾಡಿಕೊಂಡಾಗ, ‘ಹೂಗಿಗೆ ನಮ್ಮ್ ಮಣ್ಣ್ ಹಿಡೀದಿದ್ರೆ ಹೋಯ್ಲಿ ಹೆಣೆ, ನಿಂಗೆ ಹಿಡದ್ರೆ ಸಾಕ್’ ಅಂದಿರಿ. ನನ್ನಮ್ಮ ಆಗಲೇ ಸೊಂಟ ಬಿದ್ದು ಮಲಗಿದ್ದರು. ಅನುಷಾ ಹುಟ್ಟಿದಾಗ ನನ್ನ ಬಾಣಂತನವನ್ನು ಮಾಡಿದ್ದು ನೀವು. ಹಂಡೆಯ ಬಿಸಿನೀರನ್ನು ಬೆನ್ನಿಗೆ ಬೀಸಿ ಬೀಸಿ ಹೊಡೆದು, ತಲೆಗೆ ಹೊಗೆ ಕೊಟ್ಟು, ಕರಿಮೆಣಸಿನ ಸಾರಲ್ಲಿ ಅನ್ನ ಕಲಸಿ ತುತ್ತು ಮಾಡಿ ಕೊಟ್ಟವರು. ಹೆತ್ತಮ್ಮನೂ ಇಷ್ಟು ಮಾಡಲಿಕ್ಕಿಲ್ಲ ಅಂತ ಊರಿಡೀ ಹೇಳಿಕೊಂಡು ಬಂದವಳು ನಾನು. ಅದಕ್ಕೇ ಇಷ್ಟು ಸಿಟ್ಟು, ಗೊತ್ತಾಯಿತಾ? ಕೆಟ್ಟ ಅತ್ತೆಯಾಗಿದ್ದರೆ ಎರಡು ಬೈದು ಮರೆತುಬಿಡುತ್ತಿದ್ದೆ.

ನಿಮ್ಮ ಮಗಳು ಜಯಂತಿಯ ಮದುವೆ ನೆನಪಿದೆಯಾ? ನಿಮ್ಮ ಮಗನ ಶಾಮಿಯಾನದ ಕೆಲಸ ಆಗ ಏರುತ್ತಿದ್ದ ಕಾಲ. ಎರಡು ಟೆಂಪೋ, ಕುರ್ಚಿ, ಪಾತ್ರೆ, ಮೈಕು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಲ್ಲಿ ಮದುವೆಯಿದ್ದರೂ ಚಪ್ಪರ ಅವನದ್ದೇ. ತಂಗಿಯ ಮದುವೆಗೆ ಅವನು ಹಾಕಿದ ಚಪ್ಪರವನ್ನು ನೋಡಲೆಂದೇ ಜನ ಬಂದಿದ್ದರು. ಮದುಮಗಳ ಅಲಂಕಾರಕ್ಕೆ ಬೈಂದೂರಿನಿಂದ ಪ್ರಮೀಳಾ ಬಂದಳು. ಅಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡವಳು, ಮದುವೆಮನೆಗಳಲ್ಲಿ ನಿಮ್ಮ ಮಗನಿಗೆ ಪರಿಚಯವಾದವಳು. ‘ಒಳ್ಳೆ ಕೈ, ಅದನ್ನೇ ಕರಿಸುವ’ ಅಂತ ಹೇಳಿದ್ದು ನೀವು. ಜಯಂತಿಯ ಜಡೆ ಹೆಣೆದು ಮುಗಿಸಿದ ಮೇಲೆ ನೀವು ನನ್ನನ್ನು ಕರೆದಿರಿ. ‘ವನಜ, ಪ್ರಮೀಳಂಗೊಂದ್ ಸೀರಿ ಕೊಡ್. ಕುಂಕುಮ ಹಚ್ಚ್.’ ನಾನು ಕೊಟ್ಟೆ. ಕುಂಕುಮ ಹಚ್ಚಿದೆ. ನನ್ನ ತವರಿನಿಂದ ಬಂದಿದ್ದ ಹೂವಿನಲ್ಲಿ ಒಂದು ಮೊಳ ಕತ್ತರಿಸಿ ಅವಳ ತಲೆಗೆ ನನ್ನ ಕೈಯಾರೆ ಮುಡಿಸಿದೆ. ಅವಳು ತಲೆ ಬಗ್ಗಿಸಿ ನಿಂತಿದ್ದಳು. ನೀವು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಿರಿ. ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂರಿಸು ಅಂದಿರಿ, ಕೂರಿಸಿದೆ. ಪಾಯಸ ಇನ್ನೊಂದು ಸೌಟು ಹಾಕು ಅಂದಿರಿ, ಹಾಕಿದೆ.

ಅವತ್ತೇ ನಿಮಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ನನ್ನ ಕೈಯಲ್ಲಿ ಅವಳಿಗೆ ಹೂ ಮುಡಿಸಿದಿರಿ. ಎಂತಕ್ಕೆ ಅತ್ತೆ? ಮಗನ ಮುಖದಲ್ಲಿ ನಗು ನೋಡಲಿಕ್ಕಾ? ಅಥವಾ ನಾನು ನನ್ನ ಕೈಯಾರೆ ಒಪ್ಪಿದ ಹಾಗೆ ಆಗಲಿ ಅಂತಲಾ?

ನಿಮ್ಮ ಕೂದಲು ಕಪ್ಪಾಗಲು ಶುರುವಾಗಿದ್ದು ಅದರ ಮರುವರ್ಷ. ಉಪ್ಪುಂದಕ್ಕೆ, ಅಕ್ಕನ ಮನೆಗೆ ಅಂತ ಹೋಗುತ್ತಿದ್ದಿರಿ. ಬರುವಾಗ ತಲೆ ಕಪ್ಪಗೆ ಮಿಂಚುತ್ತಿತ್ತು. ‘ಅಕ್ಕ ಎಣ್ಣಿ ಕಾಸ್ ಕೊಡ್ತ್, ಅದ್ರದ್ದೇ ಗುಣ’ ಅನ್ನುತ್ತಿದ್ದಿರಿ. ನಾನು ಹೆಡ್ಡಿ, ನನ್ನಮ್ಮನಿಗೂ ಒಂದು ಬಾಟ್ಲಿ ತಂದುಕೊಡಿ ಅಂತ ಕೇಳಿದ್ದೆ. ‘ಮುಗ್ದ್ ಹೋಯ್ತ್’ ಅಂದಿರಿ.

ಬೈಂದೂರಿನಲ್ಲಿ ನನ್ನ ಶಾಲೆಯ ಗೆಳತಿಗೆ ಮಗುವಾಗಿತ್ತು. ನೋಡಿಕೊಂಡು ಬರುವ ಅಂತ ಒಂದು ದಿನ ಗಂಜಿ ಊಟ ಮುಗಿಸಿ ಬಸ್ಸು ಹತ್ತಿದೆ. ನೀವು ಬೆಳಿಗ್ಗೆಯೇ ಉಪ್ಪುಂದಕ್ಕೆ ಹೊರಟಾಗಿತ್ತು. ಬೈಂದೂರಲ್ಲಿ ಇಳಿದು ಗೆಳತಿಯ ಮನೆಗೆ ಆಟೋ ಹಿಡಿದೆ. ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಹೆಂಚಿನ ಮನೆಯ ಮುಂದೆ ನಿಮ್ಮ ಮಗನ ಟೆಂಪೋ ಇತ್ತು. ಯಾರದೋ ಮನೆಯ ಚಪ್ಪರ ಇರಬೇಕು ಅಂದುಕೊಂಡೆ. ಆಮೇಲೆ ಹಗ್ಗದ ಮೇಲೆ ಒಣಗಲು ಹಾಕಿದ್ದ ಅಂಗಿ ಕಂಡಿತು. ನೀಲಿ ನೂಲು ಮುಗಿದಿದ್ದರಿಂದ ಬಿಳಿ ನೂಲಲ್ಲಿ ಗುಂಡಿ ಹೊಲಿದುಕೊಟ್ಟಿದ್ದೆನಲ್ಲ, ಅದೇ ಅಂಗಿ. ಆಟೋ ನಿಲ್ಲಿಸಲು ಹೇಳಿದೆ. ಜಗಲಿಯಲ್ಲಿ ನೀವು ಕೂತಿದ್ದಿರಿ. ಹೆಗಲಿಗೆ ಹಳೆ ಟವೆಲು, ಕೈಯಲ್ಲಿ ಕಾಫಿ ಲೋಟ. ನಿಮ್ಮ ಬೆನ್ನ ಹಿಂದೆ ನಿಂತು ಪ್ರಮೀಳಾ ನಿಮ್ಮ ತಲೆಗೆ ಬಣ್ಣ ಹಚ್ಚುತ್ತಿದ್ದಳು. ನಿಮ್ಮ ಮಗ ಲುಂಗಿಯಲ್ಲಿ ಒಳಗಿನಿಂದ ಹೊರಗೆ ಬಂದವನು ನನ್ನನ್ನು ನೋಡಿ ಹಾಗೇ ಒಳಗೆ ಹೋದ.

ಅವನು ಒಳಗೆ ಹೋದ, ಅವಳ ಕೈ ನಿಂತಿತು. ನೀವು ಮಾತ್ರ ಅಲುಗಲಿಲ್ಲ. ‘ಹ್ವಾಯ್ ವನಜ, ಬಿಸ್ಲಂಗೆ ಎಂತಕೆ ನಿಂತ್ಕಂಡಿದ್ದೆ? ಒಳ್ಗ್ ಬಾ’ ಅಂದಿರಿ. ಪಕ್ಕದ ಮನೆಯಲ್ಲಿ ಸಿಕ್ಕಿದ ಹಾಗೆ! ನನ್ನ ಗಂಡ ಬೇರೊಬ್ಬಳ ಮನೆಯಲ್ಲಿ ಲುಂಗಿ ಉಟ್ಟುಕೊಂಡು ಇದ್ದದ್ದನ್ನು ನಾನು ಹೇಗೋ ತಡೆದುಕೊಂಡೇನು. ಆದರೆ ಆ ಜಗಲಿ, ಆ ಕಾಫಿ, ನಿಮ್ಮ ಆ ಆರಾಮ… ಗೆಳತಿಯ ಮಗುವನ್ನೂ ನೋಡದೆ ಅದೇ ಆಟೋದಲ್ಲಿ ವಾಪಸ್ಸು ಬಂದೆ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು, ‘ಹುಷಾರಿಲ್ಲೆಯಾ?’ ಅಂತ ಕೇಳಿದ್ದಷ್ಟೇ ನೆನಪು.

ಆ ಸಂಜೆ ನೀವು ಮನೆಗೆ ಬಂದು ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ಆಮೇಲೆ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡಿರಿ. ನಾನು ಕೇಳಿದ್ದು ಒಂದೇ. ‘ಯಾವಾಗಿಂದ ಗೊತ್ತಿತ್ತು ನಿಮಗೆ?’ ನೀವು ಸುಳ್ಳು ಹೇಳಲಿಲ್ಲ, ಅದೊಂದು ದೊಡ್ಡ ಉಪಕಾರ. ‘ಜಯಂತಿ ಮದಿ ಹೊತ್ತಿಗೇ ಗೊತ್ತಿತ್ತ್’ ಅಂದಿರಿ. ಆಮೇಲೆ ಬುದ್ಧಿಮಾತು ಶುರುವಾಯಿತು. ‘ಗಂಡ್ಸ್ರ್ ಬುದ್ಧಿಯೇ ಹಾಂಗೆ. ದಿನಾ ಮನಿಗ್ ಬತ್ತ ಅಲ್ದಾ? ನಿಂಗೆ ಹೊಡ್ದಿದ್ನಾ, ಬೈದಿದ್ನಾ? ನಿನ್ನ್ ಮಾವ ಎಂತ ಸಾಚಾ ಇದ್ದಿದ್ರಾ? ನಾನ್ ಸುಧಾರ್ಸ್ಕಂಡ್ ಬದ್ಕಲಿಲ್ಯಾ? ನೀನ್ ಬಾಯ್ ಬಿಟ್ರೆ ಹೋಪುದ್ ನಿನ್ನದೇ ಮರ್ಯಾದಿ. ನಾಳೆ ನಿನ್ನ್ ಮಗಳಿಗೇ ಗಂಡ್ ಸಿಕ್ಕುದಿಲ್ಲೆ.’

ಮಾವನ ವಿಷಯ ಅವತ್ತೇ ನನಗೆ ಮೊದಲು ಗೊತ್ತಾಗಿದ್ದು. ಹಾಗಾದರೆ ನಿಮಗೆ ಗೊತ್ತಿತ್ತಲ್ಲ ಅತ್ತೆ, ಅದು ಎಷ್ಟು ಸುಡುತ್ತದೆ ಅಂತ! ಸುಟ್ಟುಕೊಂಡವರೇ ನೀವು. ಆ ಕೆಂಡವನ್ನು ಎತ್ತಿ ನನ್ನ ಸೆರಗಿಗೆ ಹಾಕಿ, ‘ಕಟ್ಟಿಕೋ, ಯಾರಿಗೂ ತೋರಿಸಬೇಡ’ ಅಂದಿರಲ್ಲ.

ಕಟ್ಟಿಕೊಂಡೆ ನಾನು. ಅನುಷಾ ಸಣ್ಣವಳು, ಅಮ್ಮ ಮಲಗಿದಲ್ಲೇ, ತಮ್ಮನಿಗೆ ಆಗಷ್ಟೇ ಮದುವೆ. ಎಲ್ಲಿಗೆ ಹೋಗಲಿ? ಅನುಷಾಳ ಕೋಣೆಯಲ್ಲಿ ಚಾಪೆ ಹಾಸಿಕೊಂಡೆ. ನಿಮ್ಮ ಮಗನಿಗೆ ಬಡಿಸುವುದನ್ನು ಬಿಡಲಿಲ್ಲ, ಬಟ್ಟೆ ಒಗೆಯುವುದನ್ನು ಬಿಟ್ಟೆ. ಬೈಂದೂರಿನಲ್ಲಿ ಒಗೆಯುವವರಿದ್ದಾರಲ್ಲ, ಅಲ್ಲೇ ಒಗೆಯಲಿ ಅಂತ ಅವನ ಬಟ್ಟೆಯನ್ನು ಬಚ್ಚಲಮನೆಯ ಮೂಲೆಯಲ್ಲಿ ರಾಶಿ ಹಾಕಿದೆ. ಎರಡು ದಿನ ನೀವು ನೋಡಿದಿರಿ. ಮೂರನೆಯ ದಿನ ನೀವೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಒಗೆದು, ಅಂಗಳದ ಎದುರಿಗೇ, ದಾರಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ ಹರವಿದಿರಿ. ಅವತ್ತಿನಿಂದ ಅದು ನಿಮ್ಮದೇ ಕೆಲಸ. ನಾನು ಒಳಗಿನಿಂದ ನೋಡುತ್ತಿದ್ದೆ, ನೀವು ಕಲ್ಲಿಗೆ ಬಡಿಯುತ್ತಿದ್ದಿರಿ. ನಮ್ಮಿಬ್ಬರ ನಡುವೆ ಜಗಳವೇ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಊರವರ ಕಣ್ಣಿಗೆ ನಾವು ಚಂದದ ಅತ್ತೆ-ಸೊಸೆ. ಒಟ್ಟಿಗೆ ಮೀನು ಕೊಯ್ದೆವು, ಹಪ್ಪಳ ಒಣಗಿಸಿದೆವು. ಮೀನು ಕೊಯ್ಯುವಾಗ ಒಂದೊಂದು ಸಲ ತಲೆಯ ಜೊತೆ ಅರ್ಧ ಮೀನನ್ನೂ ಕಡಿದುಬಿಡುತ್ತಿದ್ದೆ. ನಿಮಗೆ ಕಂಡಿರಬೇಕು. ಒಮ್ಮೆ, ‘ತಾ, ನಾನ್ ಕೊಯ್ತೆ’ ಅಂತ ತೆಗೆದುಕೊಂಡಿರಿ.

ಇನ್ನು ಬಾರ್ಕೂರಿನ ಕಥೆಗೆ ಬರುತ್ತೇನೆ. ಇದನ್ನು ನೀವು ಕೂತು ಓದಬೇಕು.

ಜಯಂತಿ ಗಂಡನ ಮನೆಯಿಂದ ಫೋನ್ ಮಾಡಿ ಅತ್ತ ದಿನ ನೀವು ಅಕ್ಕಿ ಆರಿಸುತ್ತಿದ್ದಿರಿ. ಅವಳ ಗಂಡನಿಗೆ ಅವನ ಆಫೀಸಿನ ಒಬ್ಬಳ ಜೊತೆ ಸಂಬಂಧವಿದೆ ಅಂತ ಅವಳಿಗೆ ಗೊತ್ತಾಗಿತ್ತು. ಗೆರಸೆಯನ್ನು ಹಾಗೇ ನೆಲಕ್ಕೆ ಹಾಕಿ ಎದ್ದಿರಿ. ಮಧ್ಯಾಹ್ನದೊಳಗೆ ಬಾಡಿಗೆ ಜೀಪು ಅಂಗಳಕ್ಕೆ ಬಂತು. ನಿಮ್ಮ ಅಣ್ಣ, ನೆರೆಮನೆಯ ಇಬ್ಬರು ಹಿರಿಯರು, ನಿಮ್ಮ ಮಗ, ನೀವು. ನನ್ನನ್ನೂ ಹತ್ತಿಸಿದಿರಿ, ಜಯಂತಿಯ ಬಟ್ಟೆ ಕಟ್ಟಲು ಹೆಂಗಸೊಬ್ಬಳು ಬೇಕಲ್ಲ. ದಾರಿಯಿಡೀ ನಿಮ್ಮ ಕಣ್ಣಲ್ಲಿ ನೀರು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ‘ನನ್ನ್ ಹೆಣ್ಣಿಗೆ ಹೀಂಗಾಯ್ತಲೇ ವನಜ’ ಅಂದಿರಿ. ನನ್ನ ಕೈಯನ್ನು! ಆ ಕೈ ಯಾರದ್ದು ಅಂತ ನಿಮಗೆ ಒಂದು ಕ್ಷಣವೂ ಹೊಳೆಯಲಿಲ್ಲವಾ?

ಬಾರ್ಕೂರಿನ ಆ ಅಂಗಳದಲ್ಲಿ ನೀವು ನಿಂತ ನಿಲುವು ನನ್ನ ಕಣ್ಣಲ್ಲೇ ಇದೆ. ಅಳಿಯ ಬಾಗಿಲಲ್ಲಿ, ಅವನ ಅಪ್ಪ-ಅಮ್ಮ ಜಗಲಿಯಲ್ಲಿ, ಬೇಲಿಯಾಚೆ ಊರವರು. ‘ನನ್ನ್ ಮಗಳನ್ನ ಬೀದಿಯಂಗೆ ಹೆಕ್ಕಂಡ್ ಬಂದದ್ದಾ ನೀವ್? ಮತ್ತೊಬ್ಳ್ ಹತ್ರ ಹೋಯ್ ಬಂದವ್ನ್ ಮನಿಯಂಗೆ ನನ್ನ್ ಮಗಳ್ ಒಂದ್ ಗಳಿಗಿಯೂ ಇಪ್ಪುದಿಲ್ಲೆ!’ ಅಂತ ಕೂಗಿದಿರಿ. ಅಳಿಯನ ಅಮ್ಮ ಮೆಲ್ಲಗೆ, ‘ಗಂಡ್ಸ್ರ್ ಅಂದ್ಮೇಲೆ ಎಡವುದ್ ಇತ್ತ್, ಸುಧಾರ್ಸ್ಕಣ್ಕ್’ ಅಂದರು. ಒಲೆಯ ಹತ್ತಿರ ನೀವು ನನಗೆ ಹೇಳಿದ್ದೇ ಮಾತು, ಬಾಯಿ ಮಾತ್ರ ಬೇರೆ. ನೀವು ಆ ಹೆಂಗಸಿನ ಮುಖದ ಹತ್ತಿರ ಹೋಗಿ, ‘ನಿಮ್ಮ್ ಮಗಳಿಗಾದ್ರೆ ಹೀಂಗೇ ಹೇಳ್ತಿದ್ರಾ?’ ಅಂತ ಕೇಳಿದಿರಿ. ಅಷ್ಟರಲ್ಲಿ ನಿಮ್ಮ ಮಗ ಮುಂದೆ ಹೋಗಿ ಭಾವನ ಕಾಲರ್ ಹಿಡಿದ. ‘ನನ್ನ್ ತಂಗಿಗೆ ಮೋಸ ಮಾಡ್ತ್ಯಾ?’ ಅಂದ. ಅವನು! ಬೆಳಿಗ್ಗೆಯಷ್ಟೇ ಬೈಂದೂರಿನಿಂದ ಬಂದವನು!

ಆಗ ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನಿಮಗಾಗಿ ಅಲ್ಲ. ಒಳಗೆ ಕೋಣೆಯಲ್ಲಿ ಜಯಂತಿ ಗೋಡೆಗೆ ಒರಗಿ ಕೂತಿದ್ದಳು, ಬೈಂದೂರಿನ ಸುದ್ದಿ ಅವಳಿಗೆ ಏನೇನೂ ಗೊತ್ತಿರಲಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಆ ಮನೆಯವರು ನಕ್ಕು ಅವಳನ್ನು ಅಲ್ಲೇ ಬಿಟ್ಟು ಹೋಗಿ ಅನ್ನುತ್ತಿದ್ದರು. ಅವಳ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬಿದೆ. ‘ಅತ್ತಿಗೆ, ನಾನ್ ಎಂತ ತಪ್ಪ್ ಮಾಡ್ದೆ?’ ಅಂತ ಕೇಳಿದಳು. ‘ನೀನು ಏನೂ ಮಾಡಲಿಲ್ಲ’ ಅಂದೆ. ಆ ಮಾತನ್ನು ನನಗೆ ಯಾರಾದರೂ ಹೇಳಿದ್ದರೆ…

ವಾಪಸ್ಸು ಬರುವಾಗ ಬ್ರಹ್ಮಾವರ ದಾಟಿ ಹೈವೇಗೆ ಬಿದ್ದ ಮೇಲೆ ಜೀಪಿನಲ್ಲಿ ಎಲ್ಲರಿಗೂ ಗೆದ್ದ ಹುರುಪು. ನಿಮ್ಮ ಅಣ್ಣ, ‘ತಂಗಿ ಅಂದ್ರೆ ಹಾಂಗಿರ್ಕ್, ಸಿಂಹದ ಹಾಂಗೆ’ ಅಂತ ನಿಮ್ಮನ್ನು ಹೊಗಳಿದರು. ಸಾಲಿಗ್ರಾಮ ಹೋಯಿತು, ಕೋಟ ಹೋಯಿತು. ‘ಅತ್ತೆ, ತೆಕ್ಕಟ್ಟೆಯಲ್ಲಿ ನಿಲ್ಲಿಸುವುದು ಬೇಡ. ಜೀಪು ಹೀಗೇ ಬೈಂದೂರಿಗೆ ಹೋಗಲಿ. ಕೂಗಲಿಕ್ಕೆ ಅಲ್ಲಿ ಇನ್ನೊಂದು ಮನೆ ಇದೆಯಲ್ಲ’ ಅಂದೆ.

ಮುಂದಿನ ಸೀಟಿನಲ್ಲಿ ನಿಮ್ಮ ಮಗನ ಕತ್ತು ಮಾತ್ರ ಕಾಣುತ್ತಿತ್ತು, ಅವನು ತಿರುಗಲಿಲ್ಲ. ಜಯಂತಿ ಕಣ್ಣೊರೆಸಿಕೊಂಡು, ‘ಬೈಂದೂರಂಗೆ ಎಂತ ಅತ್ತಿಗೆ?’ ಅಂತ ಕೇಳಿದಳು. ‘ಅದಕ್ಕೆ ಬಿಸ್ಲ್ ತಾಗಿತ್ತ್, ತಲಿ ಕೆಟ್ಟಿತ್ತ್’ ಅಂದಿರಿ ನೀವು. ಆಗ ನಾನು ಹೇಳಿದೆ. ಪ್ರಮೀಳಾಳ ಹೆಸರು ಹೇಳಿದೆ, ಜಗಲಿ ಹೇಳಿದೆ, ನಿಮ್ಮ ತಲೆಗೆ ಬಣ್ಣ ಹಚ್ಚುವವಳು ಯಾರು ಅಂತ ಹೇಳಿದೆ. ಹಿರಿಯರಿಬ್ಬರೂ ಹೊರಗೆ ನೋಡಿದರು. ಅವರಿಗೂ ಮೊದಲೇ ಗೊತ್ತಿತ್ತು ಅನ್ನುವುದು ಅವರು ನೋಡಿದ ರೀತಿಯಲ್ಲೇ ತಿಳಿಯಿತು. ಜಯಂತಿ ನಿಮ್ಮನ್ನೇ ನೋಡುತ್ತಿದ್ದಳು. ‘ಹೌದಾ ಅಮ್ಮ?’ ಅಂದಳು. ನೀವು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿರಿ.

ತೆಕ್ಕಟ್ಟೆಯಲ್ಲಿ ಎಲ್ಲರೂ ಇಳಿದರು. ನಾನು ಇಳಿಯಲಿಲ್ಲ. ಗೇಟಿನ ಹತ್ತಿರ ಆಡುತ್ತಿದ್ದ ಅನುಷಾಳನ್ನು ಕೂಗಿ ಹತ್ತಿಸಿಕೊಂಡೆ. ‘ಹೆಮ್ಮಾಡಿಗೆ ಬಿಡಿ’ ಅಂತ ಡ್ರೈವರಿಗೆ ಹೇಳಿದೆ. ಅವನು ನಿಮ್ಮ ಮುಖ ನೋಡಿದ. ನೀವು ಒಂದು ಹೆಜ್ಜೆ ಮುಂದೆ ಬಂದಿರಿ, ‘ವನಜ…’ ಅಂದಿರಿ. ಮುಂದೆ ಏನು ಹೇಳುವವರಿದ್ದಿರೋ? ಜೀಪು ಹೊರಟಿತು.

ನಾನು ಕುಂದಾಪುರದ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸಕ್ಕೆ ಸೇರಿ ಸುಮಾರು ದಿನ ಆಗಿತ್ತು. ನೀವು ಒಬ್ಬರೇ ಬಂದಿರಿ. ಗಿರಾಕಿಯ ಹಾಗೆ ಎದುರಿಗೆ ಕೂತು, ‘ತೋರ್ಸ್’ ಅಂದಿರಿ. ನಾನು ಒಂದೊಂದೇ ಬಿಡಿಸುತ್ತಾ ಹೋದೆ, ನೀವು ಸೆರಗು ಮುಟ್ಟಿ ನೋಡುತ್ತಾ ತಗ್ಗಿದ ದನಿಯಲ್ಲಿ ಹೇಳುತ್ತಾ ಹೋದಿರಿ. ಮನಿಗೆ ಬಾ. ಮಗು ಇಲ್ಲದೆ ಮನೆ ಬಣಗುಟ್ಟುತ್ತದೆ. ಜನ ಕೇಳುತ್ತಾರೆ. ಅವನೂ ಇಳಿದುಹೋಗಿದ್ದಾನೆ. ‘ಬೈಂದೂರಿಗೆ ಹೋಗುವುದನ್ನು ಬಿಟ್ಟಿದ್ದಾನಾ?’ ಅಂತ ಕೇಳಿದೆ. ನೀವು ಇನ್ನೊಂದು ಸೀರೆಯತ್ತ ಬೆರಳು ತೋರಿಸಿದಿರಿ. ‘ಜಯಂತಿಯನ್ನು ಬಾರ್ಕೂರಿಗೆ ವಾಪಸ್ಸು ಕಳಿಸಿದಿರಾ?’ ಅಂತ ಕೇಳಿದೆ.

‘ಅದ್ ಬೇರೆ.’

‘ಹೇಗೆ ಬೇರೆ ಅತ್ತೆ?’

ನೀವು ನನ್ನ ಕಣ್ಣನ್ನೇ ನೋಡಿ ಹೇಳಿದಿರಿ. ‘ಅದ್ ನನ್ನ್ ಹೊಟ್ಟಿಯಂಗೆ ಹುಟ್ಟದ್ದ್.’

ಎದ್ದು ಹೋದಿರಿ. ಇಷ್ಟೆಲ್ಲ ಬಿಡಿಸಿ ಒಂದೂ ಮಾರಲಿಲ್ಲ ಅಂತ ಅಂಗಡಿ ಯಜಮಾನರು ನನಗೆ ಬೈದರು. ನಾನು ಆ ಸೀರೆಗಳನ್ನು ಮಡಚುತ್ತಾ ಅತ್ತೆನಾ? ಇಲ್ಲ. ಮಡಿಕೆಯ ಮೇಲೆ ಎಷ್ಟು ಜೋರಾಗಿ ಕೈ ಒತ್ತಿದೆ ಅಂದರೆ ಪಕ್ಕದವಳು, ‘ಹರಿತೀತ್ ಮಾರಾಯ್ತಿ’ ಅಂದಳು. ನಿಮ್ಮ ಮಾತು ನಿಜವೇ ಆಗಿತ್ತು, ಅದೇ ಕಷ್ಟ. ಅಷ್ಟು ವರ್ಷದಲ್ಲಿ ನೀವು ನನ್ನ ಹತ್ತಿರ ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದು. ಅದನ್ನೇ ಮದುವೆಯಾಗಿ ಬಂದ ದಿನ ಹೇಳಿದ್ದರೆ ನಾನು ನಿಮ್ಮನ್ನು ಅಷ್ಟು ನಂಬುತ್ತಿರಲಿಲ್ಲ.

ನೀವು ಬಚ್ಚಲಲ್ಲಿ ಬಿದ್ದಿರಿ, ಏಳಲಿಲ್ಲ ಅಂತ ಜಯಂತಿ ಫೋನ್ ಮಾಡಿದಾಗ ನಾನು ಅಂಗಡಿಯಲ್ಲೇ ಇದ್ದೆ. ನನಗೆ ಮೊದಲು ಬಂದದ್ದು ದುಃಖ ಅಲ್ಲ, ಸಿಟ್ಟು. ಇಷ್ಟು ಬೇಗ ತಪ್ಪಿಸಿಕೊಂಡರಲ್ಲ ಅಂತ. ನನಗೆ ಒಂದು ದಿನ ನಿಮ್ಮನ್ನು ಎದುರು ಕೂರಿಸಿಕೊಂಡು ಕೇಳಲಿಕ್ಕಿತ್ತು, ನೀವು ಒಂದು ದಿನ, ‘ತಪ್ಪಾಯ್ತ್ ಹೆಣೆ’ ಅನ್ನಲಿಕ್ಕಿತ್ತು. ಅದಕ್ಕೆ ಕಾಯುತ್ತಿದ್ದೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ.

ನೀವು ಹೋದ ಮೇಲೆ ನಿಮ್ಮ ಮಗ ವಿಚ್ಛೇದನ ಬೇಕು ಅಂತ ಕೋರ್ಟಿಗೆ ಹೋದ. ಹೆಂಡತಿ ಕಾರಣವೇ ಇಲ್ಲದೆ ಮನೆ ಬಿಟ್ಟು ಹೋಗಿದ್ದಾಳೆ, ಅತ್ತೆಯನ್ನು ಪೀಡಿಸಿದವಳು, ಬೇರೆ ಹೆಂಗಸು ಅನ್ನುವುದೆಲ್ಲ ಅವಳ ತಲೆಯಲ್ಲಿ ಹುಟ್ಟಿದ್ದು ಅಂತ ಬರೆಸಿದ್ದ. ‘ಸಾಕ್ಷಿ ಯಾರಿದ್ದಾರಮ್ಮ?’ ಅಂತ ನನ್ನ ವಕೀಲರು ಕೇಳಿದರು. ಬೈಂದೂರಿನಲ್ಲಿ ಆ ಮನೆಯ ಅಕ್ಕಪಕ್ಕದವರನ್ನು ಕೇಳಿದೆ, ನಮಗ್ಯಾಕೆ ಅಂದರು. ಜೀಪಿನಲ್ಲಿದ್ದ ಹಿರಿಯರನ್ನು ಕೇಳಿದೆ, ನೆನಪಿಲ್ಲ ಅಂದರು. ಸೋತೆ ಅಂದುಕೊಂಡೆ. ಒಂದು ಮಧ್ಯಾಹ್ನ ಜಯಂತಿ ಅಂಗಡಿಗೆ ಬಂದಳು. ನೀರು ಕೇಳಿ ಕುಡಿದು, ‘ಅತ್ತಿಗೆ, ನಾನ್ ಹೇಳ್ತೆ’ ಅಂದಳು.

ಅವಳು ಆಗ ನಿಮ್ಮ ಮಗನ ಮನೆಯಲ್ಲೇ ಇದ್ದಳು, ಅವನ ಅನ್ನ ಉಣ್ಣುತ್ತಿದ್ದಳು. ಬೇಡ ಅಂದೆ. ಅವಳು ಕೇಳಲಿಲ್ಲ. ಕಟಕಟೆ ಹತ್ತಿ ನಿಂತಳು. ನಿಮ್ಮ ಮಗ ಅವಳ ಎದುರಿಗೇ ನಿಂತಿದ್ದ. ಬೈಂದೂರಿನ ಮನೆ ಗೊತ್ತು ಅಂದಳು. ನಿಮ್ಮ ಜೊತೆ ತಾನೂ ಒಮ್ಮೆ ಅಲ್ಲಿಗೆ ಹೋಗಿದ್ದೆ, ಅಣ್ಣನ ಬಟ್ಟೆಬರೆ ಅಲ್ಲಿ ಇದ್ದದ್ದು ನೋಡಿದ್ದೇನೆ ಅಂದಳು. ಅದು ನನಗೂ ಹೊಸ ಸುದ್ದಿ. ಜೀಪಿನ ಆ ದಿನದ ಮೇಲೂ ನೀವು ಹೋಗುವುದನ್ನು ಬಿಟ್ಟಿರಲಿಲ್ಲ, ಅವಳನ್ನೂ ಕರೆದುಕೊಂಡು ಹೋಗಿದ್ದಿರಿ! ಅವನ ವಕೀಲರು ಕೇಳಿದರು, ‘ನಿಮಗೆ ಕಷ್ಟಕಾಲದಲ್ಲಿ ಆಶ್ರಯ ಕೊಟ್ಟದ್ದು ಇದೇ ಅಣ್ಣ ಅಲ್ಲವೇ?’ ‘ಹೌದು, ಅದಕ್ಕೇ ಇಷ್ಟು ವರ್ಷ ಸುಮ್ಮನಿದ್ದೆ’ ಅಂದಳು. ‘ಹಾಗಾದರೆ ನಿಮ್ಮ ತಾಯಿ ಕೆಟ್ಟವರು ಅಂತ ಹೇಳುತ್ತೀರಾ?’ ಅಂದರು. ಜಯಂತಿ ಜಡ್ಜರ ಕಡೆ ತಿರುಗಿದಳು.

‘ನನ್ನ ಅಮ್ಮ ನನಗೆ ತುಂಬ ಒಳ್ಳೆಯವರು’ ಅಂದಳು. ‘ಅತ್ತಿಗೆಗೆ ಅಲ್ಲ.’

ನಾನು ಎಷ್ಟು ಉದ್ದಕ್ಕೆ ಬರೆದೆ ನೋಡಿ ಅತ್ತೆ, ನಿಮ್ಮ ಮಗಳು ಎರಡೇ ಮಾತಲ್ಲಿ ಮುಗಿಸಿದಳು. ನಿಮ್ಮ ಮಗನ ಮಾತನ್ನು ಕೋರ್ಟು ಒಪ್ಪಲಿಲ್ಲ. ನಾನೂ ತಿರುಗಿ ಕೇಳಿದ್ದ ವಿಚ್ಛೇದನ, ನಾನು ಹೇಳಿದ ಕಾರಣಕ್ಕೇ ಸಿಕ್ಕಿತು. ಸಾಕ್ಷಿ ಹೇಳಿದ ದಿನ ಸಂಜೆ ಜಯಂತಿ ತೆಕ್ಕಟ್ಟೆಗೆ ಹೋದಾಗ ಅವಳ ಚೀಲ ಜಗಲಿಯಲ್ಲಿತ್ತು. ಅವನು ಬಾಗಿಲು ತೆರೆಯಲಿಲ್ಲ. ಅವಳು ಬಸ್ಸು ಹತ್ತಿ ಕುಂದಾಪುರಕ್ಕೆ, ನನ್ನ ಬಾಡಿಗೆ ಮನೆಗೆ ಬಂದಳು. ಈಗ ನಾವು ಮೂರು ಜನ, ನಾನು, ಅನುಷಾ, ನಿಮ್ಮ ಮಗಳು. ಅವಳಿಗೂ ನಮ್ಮ ಅಂಗಡಿಯಲ್ಲೇ ಕೆಲಸವಾಗಿದೆ, ರೆಡಿಮೇಡ್ ವಿಭಾಗದಲ್ಲಿ. ನಿಮ್ಮ ಮಗ ಮತ್ತು ಪ್ರಮೀಳಾ ಹೇಗಿದ್ದಾರೆ ಅಂತ ನನ್ನನ್ನು ಕೇಳಬೇಡಿ. ನಾನು ವಿಚಾರಿಸುವುದಿಲ್ಲ.

ಹೋದ ವಾರ ನಾನು, ಜಯಂತಿ ಜಗಳವಾಡಿದೆವು. ಅವಳ ಚೀಲದಲ್ಲಿ ನಿಮ್ಮ ಫೋಟೋ ಇತ್ತು, ಕಟ್ಟು ಹಾಕಿಸಿದ್ದು. ಹೊರಗಿನ ಕೋಣೆಯಲ್ಲಿ ಹಾಕುತ್ತೇನೆ ಅಂದಳು. ನನ್ನ ಮನೆಯಲ್ಲಿ ಬೇಡ ಅಂದೆ. ‘ನನ್ನ್ ಅಮ್ಮ ಅತ್ತಿಗೆ’ ಅಂದಳು. ‘ನನ್ನ ಅಮ್ಮ ಅಲ್ಲ’ ಅಂದೆ. ಇಬ್ಬರೂ ಜೋರು ದನಿಯಲ್ಲೇ ಕೂಗಾಡಿದೆವು. ಅನುಷಾ ಪುಸ್ತಕ ಮುಚ್ಚಿ ಎದ್ದು ಬಂದು, ‘ನಂಗೂ ಅಜ್ಜಿ’ ಅಂತ ಒಂದು ಮಾತು ಹೇಳಿ ಹೋದಳು. ಅವಳಿಗೆ ಎಲ್ಲ ಗೊತ್ತಿದೆ, ನಾನೇ ಹೇಳಿದ್ದೇನೆ. ಗೊತ್ತಿದ್ದೂ ಅವಳಿಗೆ ನೀವು ಬೇಕು. ಬೇಡ ಅನ್ನಲು ನನಗೆ ಎಂತ ಹಕ್ಕು?

ನಿಮ್ಮ ಫೋಟೋ ಈಗ ಜಯಂತಿ ಮತ್ತು ಅನುಷಾ ಮಲಗುವ ಕೋಣೆಯಲ್ಲಿದೆ. ಅವರು ಹೂ ಹಾಕುತ್ತಾರೆ, ನಾನು ಹಾಕುವುದಿಲ್ಲ. ಮುಂದೆಯೂ ಹಾಕುವುದಿಲ್ಲ. ಆದರೆ ತೆಗೆದು ಬಿಸಾಡುವುದೂ ಇಲ್ಲ, ಅಷ್ಟು ಮಾತು ಕೊಡುತ್ತೇನೆ. ಬೆಳಿಗ್ಗೆ ಆ ಕೋಣೆ ಗುಡಿಸುವಾಗ ನೀವು ನನ್ನನ್ನು ನೋಡುತ್ತೀರಿ, ನಾನೂ ಕಣ್ಣು ತಪ್ಪಿಸದೆ ನಿಮ್ಮನ್ನು ನೋಡುತ್ತೇನೆ. ನಾಳೆ ಅನುಷಾಳಿಗೆ ಮದುವೆ ಅಂತ ಆದರೆ, ಅವಳಿಗೆ ಯಾರಾದರೂ ಮೋಸ ಮಾಡಿದರೆ, ಅವಳ ಬಾಯಿಗೆ ಕೈ ಅಡ್ಡ ಇಡುವವರು ಈ ಮನೆಯಲ್ಲಿ ಯಾರೂ ಇಲ್ಲ. ಅವಳಿಗೆ ಮಾತ್ರ ಅಲ್ಲ. ಯಾರ ಹೊಟ್ಟೆಯಲ್ಲಿ ಹುಟ್ಟಿದವಳೇ ಆಗಲಿ, ಬಾಗಿಲು ತಟ್ಟಿದರೆ ತೆರೆಯುತ್ತೇವೆ.

ಸಿಟ್ಟು ಇಳಿದಿಲ್ಲ ಅತ್ತೆ. ಇಳಿಸಿಕೊಳ್ಳಲು ನನಗೆ ಅವಸರವೂ ಇಲ್ಲ.

ವನಜ